ಕಂಪ್ಯೂಟರ್ ಬಿಚ್ಚುವ ಮೊದಲು: ಸ್ಟ್ಯಾಟಿಕ್ ಕರೆಂಟಿನಿಂದ ಬಿಡಿಭಾಗ ಉಳಿಸಿಕೊಳ್ಳುವುದು ಹೇಗೆ

ಡಿಸೆಂಬರ್ ಹಿಡಿದು ಹೋಳಿ ಹುಣ್ಣಿಮೆಯವರೆಗೆ ಪುಣೆಯಲ್ಲಿ ಒಂದೇ ಪ್ರಶ್ನೆ ನನಗೆ ಬೇರೆ ಬೇರೆ ಬಾಯಿಂದ ಬರುತ್ತಲೇ ಇರುತ್ತದೆ. “ಅಣ್ಣಾ, ಹೊಸ ರ‍್ಯಾಮ್ ತಂದು ಹಾಕಿದೆ. ಹಾಕೋತನಕ ಸಿಸ್ಟಂ ಚಲೋ ಇತ್ತು, ಈಗ ಡಿಸ್‌ಪ್ಲೇನೇ ಬರವಲ್ದು.” ಕೇಳುವವರು ಹೆಚ್ಚಾಗಿ ಬೆಳಗಾವಿ, ಧಾರವಾಡ, ವಿಜಯಪುರ ಕಡೆಯಿಂದ ಬಂದು ಚಿಂಚವಡ, ಹಿಂಜವಡಿ, ಕೋಥ್ರೂಡ್ ಕಡೆ ನೆಲೆಸಿದ ನಮ್ಮ ಜನ. ಮನೆಯಲ್ಲೇ ಸ್ಕ್ರೂಡ್ರೈವರ್ ಹಿಡಿಯುವ ಧೈರ್ಯ ಇರುವವರು. ಆ ಧೈರ್ಯ ನನಗೆ ಇಷ್ಟ. ಅದು ಒಂದು ಕಿಡಿಗೆ ಬಲಿಯಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ರ‍್ಯಾಮ್ ಹಾಕಿದ ಮೇಲೆ ಡಿಸ್‌ಪ್ಲೇ ಬರಲಿಲ್ಲ ಎಂದರೆ ಸ್ಟ್ಯಾಟಿಕ್ ಹೊಡೆಯಿತು ಎಂದೇ ತಿಳಿಯಬೇಡಿ. (ರ‍್ಯಾಮ್ ಎಂದರೆ ಕಂಪ್ಯೂಟರಿನ ಮೆಮೊರಿ ಇರುವ ಪುಟ್ಟ ಪಟ್ಟಿ.) ಎಷ್ಟೋ ಸಲ ರ‍್ಯಾಮ್ ಸ್ಲಾಟಿನಲ್ಲಿ ಪೂರ್ತಿ ಕೂತಿರುವುದಿಲ್ಲ. ಪ್ಲಗ್ ತೆಗೆದು, ರ‍್ಯಾಮ್ ಬಿಚ್ಚಿ, ಬದಿಯ ಕ್ಲಿಪ್ ‘ಟಕ್’ ಎನ್ನುವವರೆಗೆ ಮತ್ತೆ ಒತ್ತಿ ನೋಡಿ. ಆದರೆ ಹೀಗೆ ಬಿಚ್ಚಿ ಹಾಕುವಾಗಲೂ ಮುಂದೆ ಹೇಳುವ ಕ್ರಮ ತಪ್ಪಿಸಬೇಡಿ.

ಚಟ್ ಎಂದಾಗ ಆಗುವುದೇನು

ಎರಡು ಬೇರೆ ಬೇರೆ ವಸ್ತುಗಳು ತಾಗಿ ಬೇರೆಯಾದಾಗ ಒಂದರ ಮೇಲಿನ ಇಲೆಕ್ಟ್ರಾನುಗಳು ಇನ್ನೊಂದರ ಮೇಲೆ ಉಳಿದುಬಿಡುತ್ತವೆ. ಒಣ ಕೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರು ಎಳೆಯುವುದನ್ನು ಶಾಲೆಯಲ್ಲಿ ನೋಡಿದ್ದೀರಿ, ಇದೂ ಅದೇ. ಹೀಗೆ ಸೇರಿಕೊಂಡು ಹರಿಯಲು ದಾರಿ ಸಿಗದೆ ನಿಂತ ವಿದ್ಯುತ್ತೇ ಸ್ಥಾಯಿ ವಿದ್ಯುತ್, ಬಾಯಿಮಾತಿನಲ್ಲಿ ಸ್ಟ್ಯಾಟಿಕ್. ದಾರಿ ಸಿಕ್ಕ ಕೂಡಲೇ ಅದು ಒಮ್ಮೆಲೇ ನುಗ್ಗುತ್ತದೆ. ಹಾಗೆ ನುಗ್ಗುವುದನ್ನು ರಿಪೇರಿಯವರು ಇಎಸ್‌ಡಿ ಎನ್ನುತ್ತಾರೆ.

ಎಷ್ಟು ವೋಲ್ಟ್? ಇಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾದರಿ ಅಂಕಿಗಳು ಹೀಗಿವೆ. ಗಾಳಿಯ ತೇವಾಂಶ ಶೇಕಡ 10ರಿಂದ 20 ಇರುವಾಗ ಕಾರ್ಪೆಟ್ ಮೇಲೆ ನಡೆದರೆ ಮೈಮೇಲೆ 35,000 ವೋಲ್ಟ್‌ವರೆಗೆ ಏರಬಹುದು. ತೇವಾಂಶ ಶೇಕಡ 65 ದಾಟಿದಾಗ ಅದೇ ನಡಿಗೆಗೆ 1,500 ವೋಲ್ಟ್. ಮೇಜಿನ ಮೇಲಿನ ಪ್ಲಾಸ್ಟಿಕ್ ಚೀಲವನ್ನು ಎತ್ತಿದರೆ ಒಣ ಗಾಳಿಯಲ್ಲಿ 20,000, ಒದ್ದೆ ಗಾಳಿಯಲ್ಲಿ 1,200. ಕುರ್ಚಿಯಲ್ಲಿ ಕೂತು ಸುಮ್ಮನೆ ಕೈಯಾಡಿಸುತ್ತ ಕೆಲಸ ಮಾಡುವವರ ಮೈಮೇಲೂ ಒಣ ಹವೆಯಲ್ಲಿ 6,000 ವೋಲ್ಟ್ ಕೂಡಬಹುದು.

ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸುಮಾರು 3,000 ವೋಲ್ಟಿಗಿಂತ ಕಡಿಮೆ ಇದ್ದರೆ ಕಿಡಿ ಹಾರಿದ್ದು ನಮ್ಮ ಬೆರಳಿಗೆ ತಿಳಿಯುವುದೇ ಇಲ್ಲ. ಆದರೆ ಕೆಲವು ಚಿಪ್‌ಗಳು 100 ವೋಲ್ಟಿಗೂ ಕಡಿಮೆಯಲ್ಲಿ ಕೆಡುತ್ತವೆ. ಹಾಗಾಗಿ “ನನಗೆ ಶಾಕ್ ಹೊಡೆದೇ ಇಲ್ಲ, ಹಾಗಿದ್ದಮೇಲೆ ಸ್ಟ್ಯಾಟಿಕ್ ಎಲ್ಲಿಂದ ಬಂತು” ಎಂಬ ವಾದ ನಿಲ್ಲುವುದಿಲ್ಲ. ಭಾಗವನ್ನು ಕೆಡಿಸುವ ಹೊಡೆತಗಳಲ್ಲಿ ಹೆಚ್ಚಿನವು ನಮ್ಮ ಅರಿವಿಗೆ ಬಾರದಂಥವು.

ಚಿಪ್ಪಿನೊಳಗಿನ ಟ್ರಾನ್ಸಿಸ್ಟರಿಗೆ ಗೇಟ್ ಎಂಬ ಭಾಗ ಇರುತ್ತದೆ. ಅದರ ಕೆಳಗೆ ನಿರೋಧಕದ ಒಂದು ಪೊರೆ. ಅದರ ದಪ್ಪವನ್ನು ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಒಳಗೆ ರಕ್ಷಣೆಗೆಂದು ಪುಟ್ಟ ಡಯೋಡುಗಳನ್ನು ಇಟ್ಟಿರುತ್ತಾರೆ, ಆದರೆ ಅವುಗಳಿಗೂ ಮಿತಿ ಇದೆ. 3,000 ವೋಲ್ಟ್ ತುಂಬಿದ ಬೆರಳು ಪಿನ್ನಿಗೆ ತಾಗಿದರೆ, ಲೆಕ್ಕದ ಪ್ರಕಾರ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಸುಮಾರು 2 ಆಂಪಿಯರ್ ನುಗ್ಗುತ್ತದೆ. ಪೊರೆ ತೂತಾದರೆ ಚಿಪ್ ಅಲ್ಲಿಗೆ ಮುಗಿಯಿತು. ಪೂರ್ತಿ ತೂತಾಗದೆ ಬರೀ ಸವೆದರೆ ಇನ್ನೂ ಕಷ್ಟ: ಅವತ್ತು ಎಲ್ಲ ಸರಿ ಇರುತ್ತದೆ, ತಿಂಗಳು ಕಳೆದ ಮೇಲೆ ಸಿಸ್ಟಂ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗತೊಡಗುತ್ತದೆ. ಆಗ ಯಾರೂ ಆ ಕಿಡಿಯನ್ನು ನೆನೆಯುವುದಿಲ್ಲ, ಸಾಫ್ಟ್‌ವೇರನ್ನು ಬೈಯುತ್ತಾರೆ.

ಮುಂಬಯಿಯ ಗೆಳೆಯರು ತಮ್ಮ ಊರಲ್ಲಿ ಈ ಕಾಟ ಇಲ್ಲ ಎನ್ನುತ್ತಾರೆ. ಸಮುದ್ರದ ಗಾಳಿಗೆ ತೇವ ಹೆಚ್ಚು, ಅದು ನಿಜ. ಆದರೆ ಏಸಿ ಹಾಕಿದ ಕೋಣೆಯಲ್ಲಿ ಆ ತೇವ ಉಳಿಯುವುದಿಲ್ಲ. ಪುಣೆ ಘಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ; ಚಳಿಗಾಲದ ರಾತ್ರಿ, ಮಾರ್ಚ್-ಏಪ್ರಿಲ್ ಮಧ್ಯಾಹ್ನ ಇಲ್ಲಿಯ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ತುಟಿ ಒಡೆಯುತ್ತಿದೆ, ಸ್ವೆಟರ್ ತೆಗೆದಾಗ ಚಟಚಟ ಎನ್ನುತ್ತಿದೆ ಎಂದರೆ ಅವತ್ತು ಎರಡು ಪಟ್ಟು ಎಚ್ಚರ ಬೇಕು.

ಮಾಡಬೇಕಾದದ್ದು ಒಂದೇ

ಅರ್ಥಿಂಗ್, ಸ್ಟ್ರಾಪ್, ಮ್ಯಾಟ್ ಎಲ್ಲದರ ಹಿಂದೆ ಇರುವ ವಿಚಾರ ಒಂದೇ. ನೀವು, ಕ್ಯಾಬಿನೆಟ್ಟು (ಕಂಪ್ಯೂಟರಿನ ಲೋಹದ ಪೆಟ್ಟಿಗೆ), ಕೈಯಲ್ಲಿರುವ ಭಾಗ, ಮೂರೂ ಒಂದೇ ವಿದ್ಯುತ್ ಮಟ್ಟದಲ್ಲಿರಬೇಕು, ಕೆಲಸ ಮುಗಿಯುವ ತನಕ ಹಾಗೇ ಇರಬೇಕು. ಪಕ್ಕಪಕ್ಕದ ಎರಡು ತೊಟ್ಟಿಗಳಲ್ಲಿ ನೀರು ಒಂದೇ ಮಟ್ಟದಲ್ಲಿದ್ದರೆ ನಡುವಿನ ನಲ್ಲಿ ತಿರುವಿದರೂ ಹರಿಯುವುದಿಲ್ಲ. ಹರಿವು ಇಲ್ಲದಿದ್ದರೆ ಕಿಡಿ ಇಲ್ಲ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಇದೊಂದು ತಲೆಯಲ್ಲಿರಲಿ. ಆಮೇಲೆ ಯಾವ ನಿಯಮವನ್ನೂ ಬಾಯಿಪಾಠ ಮಾಡಬೇಕಿಲ್ಲ.

ಏನೇನು ಬೇಕು

ರಿಸ್ಟ್ ಸ್ಟ್ರಾಪ್: ಮಣಿಕಟ್ಟಿಗೆ ಕಟ್ಟುವ ಪಟ್ಟಿ, ಸುರುಳಿ ವೈರು, ತುದಿಗೆ ಕ್ರೊಕಡೈಲ್ ಕ್ಲಿಪ್. ಪುಣೆಯಲ್ಲಿ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ, ಮುಂಬಯಿಯಲ್ಲಿ ಗ್ರಾಂಟ್ ರೋಡ್ ಸ್ಟೇಶನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿ. ವೈರೇ ಇಲ್ಲದ ‘ವೈರ್‌ಲೆಸ್’ ಸ್ಟ್ರಾಪ್ ತೋರಿಸಿದರೆ ಕೊಳ್ಳಬೇಡಿ. ಹರಿಯಲು ದಾರಿಯೇ ಇಲ್ಲದ ಪಟ್ಟಿಯಿಂದ ಕೆಲಸ ಆಗುವುದಿಲ್ಲ.

ಮಲ್ಟಿಮೀಟರ್: ಸಾದಾ ಡಿಜಿಟಲ್ ಸಾಕು.

ಬೆಳ್ಳಿ ಬಣ್ಣದ ಆ್ಯಂಟಿಸ್ಟ್ಯಾಟಿಕ್ ಚೀಲಗಳು: ಹೊಸ ಭಾಗಗಳ ಜೊತೆ ಬಂದದ್ದನ್ನು ಎಸೆಯದೆ ಇಟ್ಟುಕೊಳ್ಳಿ.

ಇಎಸ್‌ಡಿ ಮ್ಯಾಟ್: ಮೇಲೆ ಹಸಿರು ಅಥವಾ ನೀಲಿ, ಕೆಳಗೆ ಕಪ್ಪು ಇರುವ ರಬ್ಬರ್ ಹಾಸು. ವರ್ಷಕ್ಕೊಮ್ಮೆ ಧೂಳು ತೆಗೆಯುವವರಿಗೆ ಬೇಕೇ ಬೇಕೆಂದಿಲ್ಲ. ವಾರಕ್ಕೆರಡು ಬೋರ್ಡ್ (ಚಿಪ್ಪುಗಳನ್ನು ಕೂರಿಸಿದ ಹಲಗೆ) ಕೈಗೆ ಬರುವವರಿದ್ದರೆ ತೆಗೆದುಕೊಳ್ಳಿ.

1. ಸ್ಟ್ರಾಪನ್ನು ಮೀಟರ್ ಹಚ್ಚಿ ನೋಡಿ

ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಸ್ಟ್ರಾಪಿನ ವೈರಿನಲ್ಲಿ 1 ಮೆಗಾಓಮ್, ಅಂದರೆ ಹತ್ತು ಲಕ್ಷ ಓಮ್‌ನ ಒಂದು ರೆಸಿಸ್ಟರ್ ಕೂತಿರಬೇಕು. ಅದು ಇರುವುದು ನಿಮ್ಮ ಜೀವಕ್ಕಾಗಿ. ತಪ್ಪಿ ನಿಮ್ಮ ಇನ್ನೊಂದು ಕೈ 230 ವೋಲ್ಟಿನ ಫೇಸಿಗೆ (ಗೋಡೆಯ ಕರೆಂಟ್ ಹೊತ್ತು ತರುವ ವೈರಿಗೆ) ತಾಗಿದರೂ ಸ್ಟ್ರಾಪಿನ ಮೂಲಕ 0.23 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಲು ಅದು ಬಿಡುವುದಿಲ್ಲ. ಮೈಮೇಲಿನ ಸ್ಟ್ಯಾಟಿಕ್ ಹೋಗಲಿಕ್ಕೆ ಮಾತ್ರ ಈ ಅಡ್ಡಿ ಲೆಕ್ಕಕ್ಕಿಲ್ಲ. ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ಅದು ಇಳಿದುಹೋಗುತ್ತದೆ.

ಮೀಟರನ್ನು ಓಮ್ ವಿಭಾಗದಲ್ಲಿ 2000ಕೆ ಅಥವಾ 2ಎಂ ಗುರುತಿಗೆ ತಿರುಗಿಸಿ. ಒಂದು ಮುಳ್ಳನ್ನು ಪಟ್ಟಿಯ ಒಳಬದಿಯ ಲೋಹದ ಬಿಲ್ಲೆಗೆ, ಇನ್ನೊಂದನ್ನು ಕ್ಲಿಪ್ಪಿಗೆ ಹಿಡಿಯಿರಿ. 1 ಮೆಗಾಓಮ್ ಆಸುಪಾಸು ತೋರಿಸಿದರೆ ಸರಿ. ಸೊನ್ನೆ ತೋರಿಸಿದರೆ ರೆಸಿಸ್ಟರ್ ಇಲ್ಲ, ಆ ಸ್ಟ್ರಾಪ್ ಅಪಾಯ. ಎಡಗಡೆ ಬರೀ ‘1’ ಅಥವಾ ‘ಓಎಲ್’ ಎಂದು ನಿಂತರೆ ವೈರು ಒಳಗೆ ಕಡಿದಿದೆ. ಸುರುಳಿಯನ್ನು ಎಳೆದು ಅಲ್ಲಾಡಿಸುತ್ತಲೂ ನೋಡಿ. ವೈರು ಪಟ್ಟಿಯ ಗುಂಡಿಗೆ ಸೇರುವ ಜಾಗದಲ್ಲೇ ಮುರಿಯುವುದು ಹೆಚ್ಚು. ಒಂದು ವರ್ಷ ಹಳೆಯ ಸ್ಟ್ರಾಪನ್ನು ಪರೀಕ್ಷೆ ಮಾಡದೆ ನಾನು ಕಟ್ಟಿಕೊಳ್ಳುವುದಿಲ್ಲ.

2. ಜಾಗ, ಬಟ್ಟೆ, ಸುತ್ತಲಿನ ಸಾಮಾನು

ಫೋಮ್ ಗಾದಿ ಹಾಕಿದ ಮಂಚ, ಸೋಫಾ, ಕಾರ್ಪೆಟ್ ಬೇಡ. ಮೇಲೆ ಹಾಸಿದ್ದು ಸೋಲಾಪುರಿ ಚಾದರ, ಹತ್ತಿಯದು ಎಂದರೂ ಕೆಳಗಿರುವುದು ಫೋಮ್. ನೀವು ಹೊರಳಿದ ಹಾಗೆಲ್ಲ ಚಾರ್ಜ್ ಹುಟ್ಟುತ್ತದೆ. ಪ್ಲಾಸ್ಟಿಕ್ ಹಾಸು ಇಲ್ಲದ ಕಟ್ಟಿಗೆಯ ಮೇಜು ಒಳ್ಳೆಯದು. ಹಳೆಯ ಪೇಟೆಗಳ ಮನೆಗಳಲ್ಲಿ ಇನ್ನೂ ಶಹಾಬಾದಿ ಫರಸಿಯ ನೆಲ ಇರುತ್ತದೆ, ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಹೆಸರು ಪಡೆದ ಕಲ್ಲು. ಅದರ ಮೇಲೆ ಬರಿಗಾಲಲ್ಲಿ ನಿಂತರೆ ಮೈಮೇಲಿನದು ಅಷ್ಟಿಷ್ಟಾದರೂ ನೆಲಕ್ಕೆ ಇಳಿಯುತ್ತಿರುತ್ತದೆ. ಒಣಗಿದ ವಿಟ್ರಿಫೈಡ್ ಟೈಲ್ಸಿನಿಂದ ಆ ಉಪಕಾರ ನಿರೀಕ್ಷಿಸಬೇಡಿ. ಚಳಿಗಾಲದಲ್ಲಿ ಕೆಲಸಕ್ಕೆ ಕೂರುವ ಮೊದಲು ಕೋಣೆಯ ನೆಲವನ್ನು ಒಮ್ಮೆ ನೀರಿನಲ್ಲಿ ಒರೆಸಿ, ಆರಲು ಬಿಡಿ. ಗಾಳಿಗೆ ಸ್ವಲ್ಪ ತೇವ ಸೇರುತ್ತದೆ.

ಬಟ್ಟೆ ಹತ್ತಿಯದಿರಲಿ. ಉಣ್ಣೆಯ ಸ್ವೆಟರ್, ಪಾಲಿಯೆಸ್ಟರ್ ಜಾಕೆಟ್, ನೈಲಾನ್ ಸೀರೆಯ ಸೆರಗು ಬೋರ್ಡಿನ ಹತ್ತಿರ ಬರಬಾರದು. ಒಂದು ಜನವರಿ ರಾತ್ರಿ, ಕ್ಯಾಬಿನೆಟ್ ತೆರೆದಿಟ್ಟುಕೊಂಡು ಸೆಕೆಯಾಯಿತೆಂದು ಅಲ್ಲೇ ನಿಂತು ಸ್ವೆಟರ್ ತೆಗೆದೆ, ಅದೇ ಕೈಯಲ್ಲಿ ರ‍್ಯಾಮ್ ಹಿಡಿದೆ. ಮರುದಿನದಿಂದ ಮೆಮೊರಿ ಪರೀಕ್ಷೆಯಲ್ಲಿ ಆ ಒಂದು ರ‍್ಯಾಮ್ ಮಾತ್ರ ತಪ್ಪು ತೋರಿಸತೊಡಗಿತು. ಅಂದಿನಿಂದ ಸ್ವೆಟರ್ ತೆಗೆಯುವುದಿದ್ದರೆ ಪಕ್ಕದ ಕೋಣೆಯಲ್ಲಿ, ಕೆಲಸಕ್ಕೆ ಮೊದಲೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಲೋಹಕ್ಕೆ, ಮೈಗೆ ವೈರು ಕಟ್ಟಿ ಚಾರ್ಜ್ ಇಳಿಸಬಹುದು. ಪ್ಲಾಸ್ಟಿಕ್, ಥರ್ಮೋಕೋಲಿಗೆ ವೈರು ಕಟ್ಟಿದರೆ ಏನೂ ಇಳಿಯುವುದಿಲ್ಲ, ಅವುಗಳ ಮೇಲೆ ಚಾರ್ಜ್ ಹರಿಯುವುದೇ ಇಲ್ಲ. ಮುಟ್ಟದಿದ್ದರೂ ಅವು ಹತ್ತಿರದ ಬೋರ್ಡಿನ ಮೇಲೆ ಪ್ರಭಾವ ಬೀರುತ್ತವೆ. ಆ ಹೊತ್ತಿನಲ್ಲಿ ಬೋರ್ಡಿಗೆ ಲೋಹ ತಾಗಿದರೆ ಕಿಡಿ ಹಾರುತ್ತದೆ. ಆದ್ದರಿಂದ ಪ್ಯಾಕಿಂಗಿನ ಥರ್ಮೋಕೋಲ್, ಬಬಲ್ ಹಾಳೆ, ಸೆಲೋ ಟೇಪ್, ಪ್ಲಾಸ್ಟಿಕ್ ಕೈಚೀಲ, ಚಹಾದ ಥರ್ಮೋಕೋಲ್ ಲೋಟ ಎಲ್ಲವನ್ನೂ ಬೋರ್ಡಿನಿಂದ ಒಂದು ಅಡಿಯಾದರೂ ದೂರ ಇಡಿ. ಟೇಪಿನ ಸುರುಳಿಯನ್ನು ‘ಪರ್ರ್’ ಎಂದು ಎಳೆಯುವುದಂತೂ ಬೋರ್ಡಿನ ಪಕ್ಕದಲ್ಲಿ ಬೇಡವೇ ಬೇಡ.

3. ಪ್ಲಗ್ ಪೂರ್ತಿ ತೆಗೆಯಿರಿ

ಪ್ಲಗ್ ಹಾಗೇ ಇಟ್ಟು ಗೋಡೆಯ ಸ್ವಿಚ್ ಮಾತ್ರ ಆಫ್ ಮಾಡಿ, ಅರ್ಥ್ ಸಿಗುತ್ತದಲ್ಲ ಎಂದು ಕೆಲಸ ಮಾಡಿ ಎಂದು ಹೇಳುವವರಿದ್ದಾರೆ. ನಮ್ಮ ಮನೆಗಳ ವೈರಿಂಗ್ ನೋಡಿದವನಾಗಿ ನಾನು ಇದನ್ನು ಒಪ್ಪುವುದಿಲ್ಲ. ಗೋಡೆಯ ಸ್ವಿಚ್ ಕಡಿಯುವುದು ಒಂದು ವೈರನ್ನು ಮಾತ್ರ. ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಅದು ನ್ಯೂಟ್ರಲನ್ನು ಕಡಿದು ಫೇಸನ್ನು ಎಸ್‌ಎಂಪಿಎಸ್‌ವರೆಗೂ ಬಿಟ್ಟಿರುತ್ತದೆ. (ಎಸ್‌ಎಂಪಿಎಸ್ ಎಂದರೆ ಕ್ಯಾಬಿನೆಟ್ಟಿನೊಳಗೆ ಕರೆಂಟ್ ಹಂಚುವ ಲೋಹದ ಡಬ್ಬಿ.) ಮಟ್ಟ ಸರಿದೂಗಿಸಲು ಕ್ಯಾಬಿನೆಟ್ಟಿನ ಲೋಹವೇ ಸಾಕು, ಅರ್ಥ್ ಬೇಕೇ ಬೇಕೆಂದಿಲ್ಲ.

ಹೀಗೆ ಮಾಡಿ: ಶಟ್‌ಡೌನ್, ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್, ಗೋಡೆಯ ಸ್ವಿಚ್ ಆಫ್, ಪ್ಲಗ್ ಹೊರಗೆ. ಮಾನಿಟರ್, ಪ್ರಿಂಟರ್, ಲ್ಯಾನ್ ವೈರುಗಳನ್ನೂ ಬಿಚ್ಚಿ, ಅವುಗಳ ಮೂಲಕವೂ ಕರೆಂಟ್ ಬರುವುದುಂಟು. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮದರ್‌ಬೋರ್ಡಿನ ಮೇಲಿನ ಪುಟ್ಟ ದೀಪ ಆರಿದ ಮೇಲೆ ಮುಂದಿನ ಕೆಲಸ.

ಲ್ಯಾಪ್‌ಟಾಪಿನಲ್ಲಿ ಚಾರ್ಜರ್ ತೆಗೆದರೆ ಸಾಲದು. ಹಿಂಬದಿ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಚ್ಚಿ, ಆಮೇಲೆ ಪವರ್ ಬಟನ್ ಒತ್ತಿ. ಬ್ಯಾಟರಿ ಇದ್ದ ಹಾಗೇ ರ‍್ಯಾಮ್ ಎಳೆದರೆ ಕೆಡುವುದು ಸ್ಟ್ಯಾಟಿಕ್‌ನಿಂದಲ್ಲ, ನೇರ ಶಾರ್ಟಿನಿಂದ.

4. ಕಟ್ಟಿಕೊಳ್ಳಿ, ಕ್ಲಿಪ್ ಹಾಕಿ

ಬರೆಯುವ ಕೈ ಬಿಟ್ಟು ಇನ್ನೊಂದು ಕೈಗೆ ಸ್ಟ್ರಾಪ್ ಕಟ್ಟಿ. ಲೋಹದ ಬಿಲ್ಲೆ ಚರ್ಮಕ್ಕೆ ಒತ್ತಿರಬೇಕು; ತೋಳಿನ ಬಟ್ಟೆಯ ಮೇಲೆ ಕಟ್ಟಿದರೆ ಕಟ್ಟಿದ ಹಾಗಲ್ಲ. ಚರ್ಮ ಬಿರಿದು ಒಣಗಿದ್ದರೆ ಒಂದು ಹನಿ ನೀರು ಸವರಿ. ಉಂಗುರ, ಬಳೆ, ವಾಚು ತೆಗೆದಿಡಿ.

ಕ್ಲಿಪ್ ಹಾಕುವುದು ಎಲ್ಲಿಗೆ ಎಂಬಲ್ಲಿ ತಪ್ಪಾಗುತ್ತದೆ. ಕ್ಯಾಬಿನೆಟ್ಟಿನ ಕಪ್ಪು ಬಣ್ಣ ಬಳಿದ ತಗಡಿಗೆ ಕಚ್ಚಿಸಿದರೆ ಪ್ರಯೋಜನ ಇಲ್ಲ, ಬಣ್ಣ ನಿರೋಧಕ. ಬಣ್ಣವಿಲ್ಲದ ಬೆಳ್ಳನೆಯ ಲೋಹ ಹುಡುಕಿ: ಹಾರ್ಡ್‌ಡಿಸ್ಕ್ ಕೂರುವ ಚೌಕಟ್ಟಿನ ಅಂಚು, ಹಿಂಬದಿಯ ಕಾರ್ಡ್ ಪಟ್ಟಿ, ಎಸ್‌ಎಂಪಿಎಸ್‌ನ ಸ್ಕ್ರೂ. ಲ್ಯಾಪ್‌ಟಾಪಿನಲ್ಲಿ ಮುಚ್ಚಳ ತೆಗೆಯುವ ಮೊದಲು ಯುಎಸ್‌ಬಿ ಪೋರ್ಟಿನ ಲೋಹದ ಅಂಚನ್ನು ಬೆರಳಿನಿಂದ ಮುಟ್ಟಿ, ತೆಗೆದ ಮೇಲೆ ಒಳಗಿನ ಲೋಹದ ಚೌಕಟ್ಟಿಗೆ ಕ್ಲಿಪ್ ಹಾಕಿ. ಮ್ಯಾಟ್ ಇದ್ದರೆ ಮ್ಯಾಟಿನ ವೈರೂ ಅದೇ ಕ್ಯಾಬಿನೆಟ್ಟಿಗೆ ಸೇರಲಿ.

ಸ್ಟ್ರಾಪ್ ಇಲ್ಲವೇ? ಒಂದು ಕೈ, ಇಲ್ಲವೇ ಮೊಣಕೈಯ ಬರಿ ಚರ್ಮ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿಕೊಂಡೇ ಕೆಲಸ ಮಾಡಿ. ಮೊದಲಿಗೆ ಒಮ್ಮೆ ಮುಟ್ಟಿ “ಆಯಿತು” ಎನ್ನುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದೊಡ್ಡದು. ಮುಟ್ಟಿದ ಕ್ಷಣಕ್ಕೆ ನೀವು ಸಮ, ನಿಜ. ಎದ್ದು ಹೋಗಿ ಫೋನ್ ತೆಗೆದುಕೊಂಡು ಬಂದು ಕುರ್ಚಿಯಲ್ಲಿ ಮತ್ತೆ ಕೂತಿರೋ, ಸಮ ಹೋಯಿತು. ಪ್ರತಿ ಸಲ ಎದ್ದು ಬಂದಾಗ ಮೊದಲು ಲೋಹ, ಆಮೇಲೆ ಭಾಗ.

5. ಚೀಲ ಬಿಚ್ಚುವ ಕ್ರಮ

ಹೊಸ ರ‍್ಯಾಮ್ ಅಥವಾ ಎಸ್‌ಎಸ್‌ಡಿ (ಫೈಲುಗಳನ್ನು ಉಳಿಸಿಡುವ ಭಾಗ) ಚೀಲದಲ್ಲಿದ್ದಾಗಲೇ ಚೀಲವನ್ನು ಒಂದೆರಡು ಸೆಕೆಂಡ್ ಕ್ಯಾಬಿನೆಟ್ಟಿನ ಲೋಹಕ್ಕೆ ತಾಗಿಸಿ. ಆಮೇಲೆ ಬಾಯಿ ಬಿಚ್ಚಿ. ರ‍್ಯಾಮನ್ನು ಎರಡು ಬದಿಯ ಅಂಚು ಹಿಡಿದು ನಿಧಾನಕ್ಕೆ ಎಳೆಯಿರಿ, ಕೆಳಗಿನ ಚಿನ್ನದ ಬಣ್ಣದ ಸಾಲನ್ನು ಬೆರಳು ಮುಟ್ಟಬಾರದು. ಹೊರಗೆ ತೆಗೆದದ್ದು ನೇರ ಸ್ಲಾಟಿಗೆ. ನಡುವೆ ಮೇಜಿನ ಮೇಲೆ ಇಡುವುದು, ಜೇಬಿಗೆ ಹಾಕುವುದು ಬೇಡ.

ಚೀಲಗಳಲ್ಲಿ ಜಾತಿ ಇವೆ. ಗುಲಾಬಿ ಬಣ್ಣದ ಚೀಲ ತಾನು ಚಾರ್ಜ್ ಹುಟ್ಟಿಸುವುದಿಲ್ಲ ಅಷ್ಟೆ, ಹೊರಗಿನ ಕಿಡಿಯನ್ನು ತಡೆಯುವುದಿಲ್ಲ. ಬೆಳ್ಳಿ ಬಣ್ಣದ್ದರಲ್ಲಿ ಲೋಹದ ತೆಳು ಪದರ ಇದೆ; ಬಾಯಿ ಮಡಚಿದ್ದರೆ ಒಳಗಿರುವುದಕ್ಕೆ ಕವಚ. ಅಂದರೆ ರಕ್ಷಣೆ ಚೀಲದ ಒಳಗೆ ಮಾತ್ರ. ಮದರ್‌ಬೋರ್ಡನ್ನು ಚೀಲದ ಮೇಲಿಟ್ಟು ಪವರ್ ಕೊಟ್ಟು ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ. ಬೋರ್ಡಿನ ಅಡಿಯ ಚೂಪು ಪಿನ್ನುಗಳು ಚುಚ್ಚಿ ಒಳಗಿನ ಲೋಹದ ಪದರಕ್ಕೆ ತಾಗಬಹುದು. ಬೋರ್ಡ್ ಬಂದ ರಟ್ಟಿನ ಡಬ್ಬಿಯ ಮೇಲಿಡಿ, ಅದು ಸರಿ.

ಬರಿ ಸ್ಟೀಲ್ ಮೇಜಿನ ಮೇಲೂ ಇಡಬೇಡಿ. ಭಾಗದ ಮೇಲೆಯೇ ಚಾರ್ಜ್ ಕೂತಿದ್ದರೆ, ಲೋಹ ತಾಗಿದ ಕ್ಷಣಕ್ಕೆ ಅದು ಒಮ್ಮೆಲೇ ಹರಿದು ಒಳಗಿನ ಪೊರೆ ಒಡೆಯುತ್ತದೆ. ಮ್ಯಾಟ್ ಲೋಹದ್ದಾಗಿರದೆ ರಬ್ಬರಿನದಾಗಿರುವುದು ಇದಕ್ಕೇ: ಹರಿಯಬೇಕು, ನಿಧಾನಕ್ಕೆ ಹರಿಯಬೇಕು.

6. ಕೈಯಿಂದ ಕೈಗೆ ಕೊಡುವಾಗ

ಮಕ್ಕಳಿಗೆ ಕಲಿಸುತ್ತಾ ಇಬ್ಬರು ಸೇರಿ ಕೆಲಸ ಮಾಡುವುದುಂಟು. ನೀವು ಸ್ಟ್ರಾಪ್ ಕಟ್ಟಿದ್ದೀರಿ, ಮಗಳು ಕಟ್ಟಿಲ್ಲ. ಅವಳು ರ‍್ಯಾಮ್ ಚಾಚಿದಳು, ನೀವು ಹಿಡಿದಿರಿ. ಇಬ್ಬರ ಮಟ್ಟದ ವ್ಯತ್ಯಾಸ ಪೂರ್ತಿ ಆ ರ‍್ಯಾಮಿನ ಮೂಲಕವೇ ಹರಿಯಿತು. ಮೊದಲು ಖಾಲಿ ಕೈಯಿಂದ ಒಬ್ಬರನ್ನೊಬ್ಬರು ಮುಟ್ಟಿ, ಮುಟ್ಟಿಕೊಂಡೇ ಭಾಗ ಕೊಡಿ.

7. ಧೂಳು ತೆಗೆಯುವುದು

ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯನ್ನು ಮದರ್‌ಬೋರ್ಡಿಗೆ ತಾಗಿಸಬೇಡಿ. ಒಣ ಧೂಳು ಪ್ಲಾಸ್ಟಿಕ್ ಕೊಳವೆಯಲ್ಲಿ ಉಜ್ಜುತ್ತ ಹೋಗುವಾಗ ಮೂತಿಯ ಮೇಲೆ ಬಹಳಷ್ಟು ಚಾರ್ಜ್ ಕೂಡುತ್ತದೆ. ಬ್ಲೋವರ್ ಬಳಸಿ, ಒಂದು ಗೇಣು ದೂರದಿಂದ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಗಾಳಿಗೆ ಗಿರ್ರನೆ ತಿರುಗಿದರೆ ಅದೇ ಪುಟ್ಟ ಡೈನಮೋ ಆಗಿ ಬೋರ್ಡಿಗೆ ಕರೆಂಟ್ ತಳ್ಳಬಹುದು, ಬೇರಿಂಗೂ ಸವೆಯುತ್ತದೆ. ನೈಲಾನ್ ಬ್ರಷ್ ಬೇಡ. ಹಂದಿಗೂದಲಿನ ಪೇಂಟ್ ಬ್ರಷ್ ಅದಕ್ಕಿಂತ ವಾಸಿ, ಇಎಸ್‌ಡಿ ಬ್ರಷ್ ಸಿಕ್ಕರೆ ಇನ್ನೂ ಒಳ್ಳೆಯದು.

8. ಸ್ಟ್ರಾಪ್ ಬಿಚ್ಚಬೇಕಾದ ಹೊತ್ತು

ಕರೆಂಟ್ ಹರಿಯುತ್ತಿರುವ ಸರ್ಕಿಟ್ಟಿನಲ್ಲಿ ಅಳತೆ ತೆಗೆಯುವಾಗ, ಹಳೆಯ ದಪ್ಪ ಪಿಕ್ಚರ್ ಟ್ಯೂಬಿನ ಮಾನಿಟರ್ ಬಿಚ್ಚುವಾಗ, ಎಸ್‌ಎಂಪಿಎಸ್ ಡಬ್ಬಿ ತೆರೆಯುವಾಗ ಸ್ಟ್ರಾಪ್ ಕಟ್ಟಲೇಬಾರದು. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ, ಪ್ಲಗ್ ತೆಗೆದ ಮೇಲೂ, ಸುಮಾರು 325 ವೋಲ್ಟ್ ಡಿಸಿ ನಿಂತಿರಬಹುದು. ಅನುಭವ ಇಲ್ಲದವರು ಆ ಡಬ್ಬಿಯನ್ನು ತೆರೆಯಲೇಬೇಡಿ. ಬೇರೆ ತಂದು ಹಾಕಿ.

ಬೆಸುಗೆ ಹಾಕುವವರಿಗೆ ಒಂದೇ ಮಾತು: ಎರಡು ಪಿನ್ನಿನ ಅಗ್ಗದ ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಕರೆಂಟ್ ಸೋರುತ್ತಿರುತ್ತದೆ. ಮೂರು ಪಿನ್ನಿನದು, ತುದಿಗೆ ಅರ್ಥ್ ಇರುವುದು ಕೊಳ್ಳಿ.

ಚಟ್ ಬೇರೆ, ಜುಮ್ ಬೇರೆ

“ಕ್ಯಾಬಿನೆಟ್ ಮುಟ್ಟಿದರೆ ಯಾವಾಗಲೂ ಜುಮ್ ಎನ್ನುತ್ತದೆ, ಸ್ಟ್ಯಾಟಿಕ್ ಇರಬೇಕು” ಎಂದು ಬಹಳ ಜನ ಹೇಳುತ್ತಾರೆ. ಸ್ಟ್ಯಾಟಿಕ್ ಒಮ್ಮೆ ಚಟ್ ಎಂದು ಮುಗಿಯುತ್ತದೆ. ಮುಟ್ಟಿದಷ್ಟು ಹೊತ್ತೂ ಇರುವೆ ಹರಿದ ಹಾಗೆ ಜುಮ್ಮೆಂದರೆ ಅದು ಗೋಡೆಯ ಕರೆಂಟ್. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳು ಸ್ವಲ್ಪ ಕರೆಂಟನ್ನು ಕ್ಯಾಬಿನೆಟ್ಟಿಗೆ ಬಿಡುತ್ತವೆ. ಅದನ್ನು ಹೊತ್ತೊಯ್ಯಬೇಕಾದ ಅರ್ಥ್ ವೈರು ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧದಷ್ಟು, ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಪ್ಲಗ್ ಇದ್ದಾಗ ಪ್ರಿಂಟರ್, ಮಾನಿಟರ್ ವೈರು ಹಾಕುವ ಹೊತ್ತಿಗೆ ಪೋರ್ಟ್ ಸುಡುವುದು ಇದರಿಂದಲೇ.

ಪರೀಕ್ಷೆ ಹೀಗೆ. ಮೀಟರನ್ನು ಎಸಿ 600 ಅಥವಾ 750 ವೋಲ್ಟಿಗೆ ತಿರುಗಿಸಿ. ಸಾಕೆಟ್ಟಿನ ಎದುರು ನಿಂತಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ಫೇಸ್-ನ್ಯೂಟ್ರಲ್ ನಡುವೆ 230 ಆಸುಪಾಸು, ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಫೇಸ್-ಅರ್ಥ್ ನಡುವೆ 60, 100, 140 ಎಂದು ಏನೇನೋ ಕುಣಿದರೆ ಅರ್ಥ್ ವೈರು ಎಲ್ಲಿಗೂ ಸೇರಿಲ್ಲ ಎಂದು ತಿಳಿಯಿರಿ.

ಇನ್ನೊಂದು ಮೋಸ ಇದೆ, ಬಾಡಿಗೆ ಮನೆಗಳಲ್ಲಿ ವಿಶೇಷವಾಗಿ. ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರು ಜೋಡಿಸಿಬಿಟ್ಟಿರುತ್ತಾರೆ. ಮೀಟರಿನಲ್ಲಿ ಎಲ್ಲ ಸರಿ ಕಾಣುತ್ತದೆ. ಅದೇ ಸರ್ಕಿಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ಹಚ್ಚಿ ನೋಡಿ: ನಿಜವಾದ ಅರ್ಥ್ ಇದ್ದರೆ ನ್ಯೂಟ್ರಲ್-ಅರ್ಥ್ ಅಂಕಿ ಸ್ವಲ್ಪ ಏರುತ್ತದೆ, ತುಂಡು ವೈರಿದ್ದರೆ ಸೊನ್ನೆಯಲ್ಲೇ ಕಚ್ಚಿ ನಿಲ್ಲುತ್ತದೆ. ಸಾಕೆಟ್ಟಿಗೆ ಬರುವ ದಾರಿಯಲ್ಲಿ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಇಂಥ ಸಾಕೆಟ್ಟಿನ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಮನೆಮಾಲೀಕರಿಗೆ ಹೇಳಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಈ ಪರೀಕ್ಷೆಯನ್ನೂ ಅವರಿಂದಲೇ ಮಾಡಿಸಿ.

ಮಳೆಗಾಲದಲ್ಲಿ ಇಷ್ಟೆಲ್ಲ ಬೇಕೆ?

ಬೇಕು. ಜುಲೈಯಲ್ಲಿ 35,000 ಹೋಗಿ 1,500 ಆಗುತ್ತದೆ, ನಿಜ; ಚಿಪ್ಪಿಗೆ 100 ಸಾಕು ಎಂದು ಆಗಲೇ ನೋಡಿದೆವಲ್ಲ.

9. ತೆಗೆದ ಭಾಗ ಇಡುವುದು, ಊರಿಗೆ ಕಳಿಸುವುದು

ಹಳೆಯ ರ‍್ಯಾಮನ್ನು ಊರಲ್ಲಿರುವ ತಮ್ಮನ ಕಂಪ್ಯೂಟರಿಗೆಂದು ಬಸ್ ಪಾರ್ಸೆಲಿನಲ್ಲಿ ಕಳಿಸುವವರು ಬಹಳ. ಟಿಶ್ಯೂ ಕಾಗದ, ಊಟದ ಫಾಯಿಲ್, ತರಕಾರಿ ಚೀಲದಲ್ಲಿ ಸುತ್ತಿ ಬಂದದ್ದನ್ನೆಲ್ಲ ನೋಡಿದ್ದೇನೆ. ಸ್ಟ್ರಾಪ್ ಬಿಚ್ಚುವ ಮೊದಲೇ ಅದನ್ನು ತೂತಿಲ್ಲದ ಬೆಳ್ಳಿ ಚೀಲಕ್ಕೆ ಹಾಕಿ, ಬಾಯಿಯನ್ನು ಎರಡು ಮಡಿಕೆ ಮಡಚಿ. ಟೇಪ್ ಹಚ್ಚುವುದಿದ್ದರೆ ತುಂಡನ್ನು ದೂರದಲ್ಲಿ ಕತ್ತರಿಸಿಕೊಂಡು ಬಂದು ಚೀಲದ ಹೊರಗೆ ಮಾತ್ರ ಹಚ್ಚಿ. ಸುತ್ತಲೂ ರಟ್ಟು, ಆಮೇಲೆ ಡಬ್ಬಿ. ಥರ್ಮೋಕೋಲ್ ತುಂಬಲೇಬೇಕಾದರೆ ರಟ್ಟಿನ ಹೊರಗೆ ತುಂಬಿ.

ಚೀಲದ ಮೇಲೆ ಪೆನ್ನಿನಿಂದ ರ‍್ಯಾಮಿನ ಸೈಜು, ಡಿಡಿಆರ್ 3 ಅಥವಾ 4, ತೆಗೆದ ತಾರೀಖು ಬರೆಯಿರಿ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಇಷ್ಟು: “ಮೊದಲು ಕ್ಯಾಬಿನೆಟ್ ಮುಟ್ಟು, ಆಮೇಲೆ ಚೀಲ ಬಿಚ್ಚು.”